‘ಬ್ರೀಚ್’ ಕಂಡಲ್ಲೆಲ್ಲ ‘ಉಲ್ಲಂಘನೆ’ ಬೇಡ: ಅನುವಾದಕರಿಗೂ ವರದಿಗಾರರಿಗೂ ಒಂದು ಕೈಪಿಡಿ

ಇಂಗ್ಲಿಷಿನ ‘ಬ್ರೀಚ್’ (breach) ಪದವನ್ನು ಯಂತ್ರಾನುವಾದಕ್ಕೆ ಕೊಟ್ಟರೆ ಸಾಮಾನ್ಯವಾಗಿ ಹೊರಬರುವುದು ‘ಉಲ್ಲಂಘನೆ’. ಕರಾರಿಗೂ ಅದೇ, ಕೆರೆಯ ಏರಿಗೂ ಅದೇ, ಕೋಟೆಯ ಗೋಡೆಗೂ ಅದೇ. ‘ಭಾರಿ ಮಳೆಗೆ ಕೆರೆ ಉಲ್ಲಂಘನೆಯಾಗಿ ಗದ್ದೆಗಳಿಗೆ ನೀರು ನುಗ್ಗಿದೆ’ ಎಂದು ಬರೆದರೆ, ಏರಿ ಒಡೆಯಿತೋ ಕೋಡಿ ಹರಿಯಿತೋ ಎಂಬುದು ಕೆಳಗಿನ ಊರಿನವರಿಗೆ ತಿಳಿಯುವುದಿಲ್ಲ. ಅವರಿಗೆ ಬೇಕಾಗಿರುವುದು ಅದೊಂದೇ ಸಂಗತಿ.

ಎರಡು ಪದಗಳ ಒಳಗಿರುವ ಚಿತ್ರಗಳೇ ಬೇರೆ. ‘ಬ್ರೀಚ್’ ಎಂಬುದು ‘ಬ್ರೇಕ್’ ಪದದ ಒಡಹುಟ್ಟು. ಅದರಲ್ಲಿ ಏನೋ ಒಡೆದಿದೆ, ನಡುವೆ ಸಂದು ಬಿದ್ದಿದೆ. ‘ಲಂಘನ’ ಎಂದರೆ ನೆಗೆತ. ಹನುಮಂತ ಮಾಡಿದ್ದು ಸಮುದ್ರಲಂಘನ. ಅವನು ಆಚೆ ಹೋದ, ಸಮುದ್ರ ಇದ್ದ ಹಾಗೇ ಇತ್ತು. ಹಾಗಾಗಿ ದಾಟಿದ ಮೇಲೂ ತಾನು ಹಾಗೇ ಉಳಿಯುವ ಕಾನೂನು, ನಿಯಮ, ಆದೇಶ, ನೀತಿ ಸಂಹಿತೆಗಳಿಗೆ ‘ಉಲ್ಲಂಘನೆ’ ಸರಿಯಾಗಿ ಹೊಂದುತ್ತದೆ. ಏರಿ ಹಾಗಲ್ಲ, ಒಡೆದ ಮೇಲೆ ಅದು ಅಲ್ಲಿರುವುದಿಲ್ಲ. ಅಂದಹಾಗೆ, ಪದದಲ್ಲಿರುವುದು ಮಹಾಪ್ರಾಣ ‘ಘ’. ‘ಉಲ್ಲಂಗನೆ’ ಎಂದು ಬರೆದ ಫಲಕಗಳಿಗೆ ನಮ್ಮ ರಸ್ತೆಗಳಲ್ಲಿ ಬರವಿಲ್ಲ.

ಮೊದಲು ಕ್ರಿಯಾಪದ ಹುಡುಕಿ

ಇಂಗ್ಲಿಷಿನಲ್ಲಿ ಬ್ರೀಚ್ ಹೆಚ್ಚಾಗಿ ನಾಮಪದವಾಗಿ ಬರುತ್ತದೆ. ನಾವೂ ನಾಮಪದವನ್ನೇ ಹುಡುಕಲು ಹೊರಡುತ್ತೇವೆ, ತಪ್ಪು ಶುರುವಾಗುವುದೇ ಅಲ್ಲಿ. ಏನು ಒಡೆಯಿತು ಎಂದು ಕೇಳಿಕೊಳ್ಳಿ. ಆ ವಸ್ತುವಿನ ಜೊತೆ ಕನ್ನಡದಲ್ಲಿ ಯಾವ ಕ್ರಿಯಾಪದ ತಾನಾಗಿ ಬರುತ್ತದೋ ಅದನ್ನು ಹಿಡಿಯಿರಿ. ಮಾತು ತಪ್ಪುತ್ತದೆ, ಆಣೆ ಮುರಿಯುತ್ತದೆ, ನೇಮ ಮೀರುತ್ತೇವೆ, ಗಡಿ ದಾಟುತ್ತೇವೆ, ಶಾಂತಿ ಕದಡುತ್ತದೆ, ಸ್ನೇಹದಲ್ಲಿ ಬಿರುಕು ಬೀಳುತ್ತದೆ, ಏರಿ ಒಡೆಯುತ್ತದೆ, ಗೋಡೆಗೆ ಕನ್ನ ಬೀಳುತ್ತದೆ. ‘ಮಾತು ಉಲ್ಲಂಘಿಸಿದ’ ಎಂದರೆ ಅಪ್ಪ ಹೇಳಿದ ಮಾತನ್ನು ಮಗ ಮೀರಿದ ಎಂದಾಗುತ್ತದೆ. ‘ಮಾತು ತಪ್ಪಿದ’ ಎಂದರೆ ತಾನೇ ಕೊಟ್ಟ ಮಾತನ್ನು ನಡೆಸಲಿಲ್ಲ ಎಂದು. ಒಂದು ಕ್ರಿಯಾಪದ ಬದಲಾದರೆ ತಪ್ಪು ಯಾರದು ಎಂಬುದೇ ಬದಲಾಗುತ್ತದೆ.

ನಾಮಪದವೇ ಬೇಕಾದಾಗ, ಅಂದರೆ ಶೀರ್ಷಿಕೆಯಲ್ಲೋ ಕಾನೂನು ಪತ್ರದಲ್ಲೋ, ಸಂಸ್ಕೃತದಿಂದ ಬಂದ ಐದು ಬಾಲಗಳಿವೆ. ‘ಭಂಗ’ ಎಂದರೆ ಮುರಿತ, ಬ್ರೀಚ್‌ಗೆ ಅತಿ ಹತ್ತಿರದ್ದು: ಶಾಂತಿಭಂಗ, ವ್ರತಭಂಗ, ನ್ಯಾಸಭಂಗ (ನ್ಯಾಸ ಎಂದರೆ ಟ್ರಸ್ಟ್). ‘ಚ್ಯುತಿ’ ಎಂದರೆ ಜಾರುವಿಕೆ: ಹಕ್ಕುಚ್ಯುತಿ, ಕರ್ತವ್ಯಚ್ಯುತಿ. ‘ಲೋಪ’ ಎಂದರೆ ಇರಬೇಕಾದದ್ದು ಇಲ್ಲದಿರುವುದು: ಭದ್ರತಾ ಲೋಪ. ‘ದ್ರೋಹ’ದಲ್ಲಿ ಕೆಟ್ಟ ಉದ್ದೇಶ ಇದ್ದೇ ಇರುತ್ತದೆ. ಉಳಿದದ್ದು ‘ಉಲ್ಲಂಘನೆ’. ಇವು ಒಂದರ ಜಾಗಕ್ಕೆ ಇನ್ನೊಂದು ಬರುವಂಥವಲ್ಲ. ‘ಭಂಗ’ವನ್ನೂ ಕಣ್ಣುಮುಚ್ಚಿ ಅಂಟಿಸುವಂತಿಲ್ಲ. ಘನತೆಗೆ ಧಕ್ಕೆ ಎಂಬ ಅರ್ಥದಲ್ಲಿ ‘ಮಾನಭಂಗ’ ಎಂದು ಬರೆದರೆ ಕನ್ನಡದ ಓದುಗರು ಹೆಣ್ಣಿನ ಮೇಲಿನ ದೌರ್ಜನ್ಯ ಎಂದೇ ಓದಿಕೊಳ್ಳುತ್ತಾರೆ.

ಕರಾರು ಪತ್ರದಲ್ಲಿ

1872ರ ಭಾರತೀಯ ಕರಾರು ಅಧಿನಿಯಮದ ಸಂದರ್ಭದಲ್ಲಿ ‘ಕರಾರು ಉಲ್ಲಂಘನೆ’, ‘ಕರಾರು ಭಂಗ’ ಎರಡೂ ಬಳಕೆಯಲ್ಲಿವೆ. ಯಾವುದಾದರೂ ಒಂದನ್ನು ಹಿಡಿದು ದಾಖಲೆಯ ಕೊನೆಯವರೆಗೂ ಅದನ್ನೇ ಬಳಸಿ. ಪತ್ರಿಕಾ ಬರಹದಲ್ಲಿ ಪದ ಬದಲಿಸುವುದು ಚೆಂದ, ಕರಾರಿನಲ್ಲಿ ಅದು ಅಪಾಯ. ಎರಡು ಪದ ಇದ್ದರೆ ಎರಡು ಅರ್ಥ ಇದೆ ಎಂದು ವಾದಿಸಲು ಎದುರು ಪಕ್ಷದ ವಕೀಲರು ಕಾದಿರುತ್ತಾರೆ.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು ‘ಒಪ್ಪಂದ ಮುರಿದುಬಿದ್ದಿದೆ’ ಎಂದು ಬರೆಯುವುದು. ಒಂದು ಷರತ್ತನ್ನು ಪಾಲಿಸದ ಮಾತ್ರಕ್ಕೆ ಕರಾರು ಸಾಯುವುದಿಲ್ಲ. ಕರಾರು ಹಾಗೇ ಇದ್ದು, ನೊಂದ ಪಕ್ಷಕ್ಕೆ ಪರಿಹಾರದ ಹಕ್ಕು ಹುಟ್ಟುತ್ತದೆ. 73ನೇ ಕಲಂ ಹೇಳುವುದು ಅದನ್ನೇ: ಆ ತಪ್ಪಿನಿಂದ ಸಹಜವಾಗಿ ಆದ ನಷ್ಟ ಸಿಗುತ್ತದೆ, ದೂರದ, ಪರೋಕ್ಷ ನಷ್ಟ ಸಿಗುವುದಿಲ್ಲ. ‘ಮುರಿದುಬಿತ್ತು’ ಎಂದರೆ ವ್ಯವಹಾರವೇ ಮುಗಿಯಿತು ಎಂದಾಗುತ್ತದೆ. ಅದು ರದ್ದತಿಯ ಮಾತು.

ಗುಣವಾಚಕಗಳು ಇದಕ್ಕಿಂತ ಹೆಚ್ಚು ಕಾಡುತ್ತವೆ. ‘ಮೆಟೀರಿಯಲ್ ಬ್ರೀಚ್’ ಎಂಬುದು ‘ವಸ್ತು ಉಲ್ಲಂಘನೆ’ಯೋ ‘ಭೌತಿಕ ಉಲ್ಲಂಘನೆ’ಯೋ ಆಗಿ ಬಂದಿರುತ್ತದೆ, ಅರ್ಥ ‘ಗಂಭೀರ ಉಲ್ಲಂಘನೆ’, ಕರಾರಿನ ಮುಖ್ಯ ಉದ್ದೇಶಕ್ಕೇ ಪೆಟ್ಟು ಕೊಡುವಂಥದ್ದು. ‘ಆಂಟಿಸಿಪೇಟರಿ ಬ್ರೀಚ್’ ಅನ್ನು ‘ಮುಂಗಡ ಉಲ್ಲಂಘನೆ’ ಎಂದರೆ ಕನ್ನಡಿಗರ ಕಣ್ಣಿಗೆ ಕಾಣುವುದು ಅಡ್ವಾನ್ಸ್ ಹಣ. ಗಡುವು ಬರುವ ಮೊದಲೇ ‘ನಾನು ಈ ಕೆಲಸ ಮಾಡುವುದಿಲ್ಲ’ ಎಂದು ಒಬ್ಬ ಕೈಯೆತ್ತುವುದು ಅದು, 39ನೇ ಕಲಮಿನ ವಿಷಯ. ‘ಗಡುವಿಗೆ ಮುನ್ನವೇ ನಿರಾಕರಣೆ’ ಎಂದು ಬರೆಯಿರಿ. ‘ಕ್ಯೂರ್ ಪೀರಿಯಡ್’ ಎಂದರೆ ‘ಗುಣಪಡಿಸುವ ಅವಧಿ’ ಅಲ್ಲ, ‘ಸರಿಪಡಿಸಲು ಕೊಟ್ಟ ಗಡುವು’. ‘ಲಿಕ್ವಿಡೇಟೆಡ್ ಡ್ಯಾಮೇಜಸ್’ ಅನ್ನು ‘ದ್ರವೀಕೃತ ಹಾನಿ’ ಎಂದು ಬರೆದರೆ ನಗಬೇಕೋ ಅಳಬೇಕೋ ತಿಳಿಯದು. ಅದು ಕರಾರಿನಲ್ಲೇ ಮೊದಲು ಗೊತ್ತುಪಡಿಸಿದ ಪರಿಹಾರದ ಮೊತ್ತ. 74ನೇ ಕಲಮಿನ ಪ್ರಕಾರ ಆ ಮೊತ್ತ ಗರಿಷ್ಠ ಮಿತಿ. ನ್ಯಾಯಾಲಯ ಅದರೊಳಗೆ ಸಮಂಜಸವೆನಿಸಿದ್ದನ್ನು ಕೊಡಿಸುತ್ತದೆ.

1930ರ ಸರಕು ಮಾರಾಟ ಅಧಿನಿಯಮದ 12ನೇ ಕಲಮಿನಲ್ಲಿ ಇನ್ನೊಂದು ಜೋಡಿ ಇದೆ. ‘ಕಂಡಿಷನ್’ ತಪ್ಪಿದರೆ ಕೊಂಡವನು ಕರಾರನ್ನೇ ನಿರಾಕರಿಸಬಹುದು, ‘ವಾರಂಟಿ’ ತಪ್ಪಿದರೆ ನಷ್ಟ ಪರಿಹಾರ ಮಾತ್ರ ಕೇಳಬಹುದು. ಎರಡನ್ನೂ ‘ಷರತ್ತು ಉಲ್ಲಂಘನೆ’ ಎಂದು ಬರೆದರೆ ಕೊಂಡವನಿಗೆ ಸರಕು ವಾಪಸ್ ಮಾಡುವ ಹಕ್ಕು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮೊದಲನೆಯದಕ್ಕೆ ‘ಷರತ್ತು’, ಎರಡನೆಯದಕ್ಕೆ ‘ವಾರಂಟಿ’ ಎಂದೇ ಉಳಿಸಿಕೊಳ್ಳಿ. ಆ ಪದ ಅಂಗಡಿಯವರಿಗೂ ಗಿರಾಕಿಗೂ ಚೆನ್ನಾಗಿ ಗೊತ್ತು.

ನೋಟಿಸ್ ಬರೆಯುವಾಗ ಈ ಪದದ ಗೊಡವೆಯೇ ಇಲ್ಲದೆ ಕೆಲಸ ಮುಗಿಸಬಹುದು. ಯಾವ ದಿನಾಂಕದ ಕರಾರು, ಎಷ್ಟನೇ ಷರತ್ತು, ಏನು ಮಾಡಿದರು, ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂಬ ನಾಲ್ಕು ಸಂಗತಿ ಇದೇ ಕ್ರಮದಲ್ಲಿ ಬಂದರೆ ಸಾಕು. ‘2024ರ ಜೂನ್ 1ರ ಬಾಡಿಗೆ ಕರಾರಿನ 7ನೇ ಷರತ್ತಿಗೆ ವಿರುದ್ಧವಾಗಿ ನೀವು ಮನೆಯನ್ನು ಒಳಬಾಡಿಗೆಗೆ ಕೊಟ್ಟಿದ್ದೀರಿ. ಈ ನೋಟಿಸ್ ಕೈಸೇರಿದ 15 ದಿನಗಳೊಳಗೆ ಒಳಬಾಡಿಗೆದಾರರನ್ನು ಖಾಲಿ ಮಾಡಿಸತಕ್ಕದ್ದು.’ ಇದನ್ನೇ ‘ನಿಮ್ಮಿಂದ ಕರಾರಿನ ಉಲ್ಲಂಘನೆ ಮಾಡಲ್ಪಟ್ಟಿರುತ್ತದೆ’ ಎಂದು ಬರೆದರೆ ಉದ್ದ ಬೆಳೆಯುತ್ತದೆ, ಮಾಹಿತಿ ಕಳೆಯುತ್ತದೆ.

ನಂಬಿಕೆ ದ್ರೋಹ, ವಂಚನೆ, ನ್ಯಾಸಭಂಗ

ಅಪರಾಧ ವರದಿಯಲ್ಲಿ ‘ಕ್ರಿಮಿನಲ್ ಬ್ರೀಚ್ ಆಫ್ ಟ್ರಸ್ಟ್’ ಬಂದರೆ ಠಾಣೆಯಲ್ಲೂ ಪತ್ರಿಕೆಯಲ್ಲೂ ‘ನಂಬಿಕೆ ದ್ರೋಹ’ ಎನ್ನುವುದು ರೂಢಿ. ಹಳೆಯ ದಂಡ ಸಂಹಿತೆಯಲ್ಲಿ 405, 406, 409ನೇ ಕಲಂಗಳಾಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿದೆ. ವಂಚನೆಯದು 318ನೇ ಕಲಂ. ಜನರ ಬಾಯಲ್ಲಿ ‘ಫೋರ್ ಟ್ವೆಂಟಿ’ ಎಂದು ನಿಂತುಹೋದ 420 ಈಗ 318ರ 4ನೇ ಉಪಕಲಂ. ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಖ್ಯೆಯೇ ಅನ್ವಯ, ಆದ್ದರಿಂದ ಎಫ್‌ಐಆರ್‌ನಲ್ಲಿರುವ ಸಂಖ್ಯೆಯನ್ನು ‘ಹೊಸದಾಗಿಸಲು’ ಹೋಗಬೇಡಿ.

‘ನಂಬಿಕೆ ದ್ರೋಹ’ ಮತ್ತು ‘ವಂಚನೆ’ ಒಂದೇ ಉಸಿರಿನಲ್ಲಿ ಬರುವುದು ಎಲ್ಲರ ಅಭ್ಯಾಸ, ಆದರೆ ಎರಡೂ ಒಂದೇ ಅಲ್ಲ. ಬಳೆ ಮಾಡಿಸಲು ಕೊಟ್ಟ ಚಿನ್ನವನ್ನು ಅಕ್ಕಸಾಲಿಗ ಮಾರಿಕೊಂಡರೆ ಅದು ನಂಬಿಕೆ ದ್ರೋಹ: ವಸ್ತುವನ್ನು ನೀವಾಗಿಯೇ ವಹಿಸಿಕೊಟ್ಟಿರಿ, ಆಮೇಲೆ ಅವನ ಬುದ್ಧಿ ಕೆಟ್ಟಿತು. ನಕಲಿ ಚಿನ್ನ ತೋರಿಸಿ ನಿಮ್ಮಿಂದ ಹಣ ಕಿತ್ತುಕೊಂಡರೆ ಅದು ವಂಚನೆ: ಶುರುವಿನಲ್ಲೇ ಮೋಸದ ಉದ್ದೇಶವಿತ್ತು. ಒಂದೇ ಸಂಗತಿಯ ಮೇಲೆ ಎರಡೂ ಒಟ್ಟಿಗೆ ನಿಲ್ಲಲಾರವು ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ, ದೆಹಲಿ ರೇಸ್ ಕ್ಲಬ್ ಪ್ರಕರಣದಲ್ಲಿ, ಬಿಡಿಸಿ ಹೇಳಿದೆ.

‘ಕ್ರಿಮಿನಲ್’ ಎಂಬ ಪದ ಇಲ್ಲದೆ ಬರೀ ‘ಬ್ರೀಚ್ ಆಫ್ ಟ್ರಸ್ಟ್’ ಬಂದರೆ ಇನ್ನೂ ಎಚ್ಚರ ಬೇಕು. 1882ರ ಭಾರತೀಯ ನ್ಯಾಸ ಅಧಿನಿಯಮದಲ್ಲಿ ಅದರ ಅರ್ಥ, ಟ್ರಸ್ಟಿಯೊಬ್ಬನು ಕಾನೂನು ಹೊರಿಸಿದ ಕರ್ತವ್ಯವನ್ನು ನೆರವೇರಿಸದಿರುವುದು. ಅದು ಅಜಾಗರೂಕತೆಯಿಂದಲೂ ಆಗಬಹುದು. ಅಲ್ಲಿ ‘ನ್ಯಾಸಭಂಗ’ ಎನ್ನಿ. ‘ನಂಬಿಕೆ ದ್ರೋಹ’ ಎಂದು ಬರೆದರೆ, ಲೆಕ್ಕ ಸರಿಯಾಗಿ ಇಡದ ಒಬ್ಬ ಟ್ರಸ್ಟಿಯನ್ನು ನಿಮ್ಮ ಅನುವಾದವೇ ಅಪರಾಧಿಯನ್ನಾಗಿ ಮಾಡಿಬಿಡುತ್ತದೆ.

ಮದುವೆಯ ಭರವಸೆಯ ಪ್ರಕರಣಗಳಲ್ಲೂ ಇಂಥದ್ದೇ ಗೆರೆಯೊಂದಿದೆ. ‘ಬ್ರೀಚ್ ಆಫ್ ಪ್ರಾಮಿಸ್’ ಎಂದರೆ ಕೊಟ್ಟ ಮಾತಿಗೆ ತಪ್ಪಿದ್ದು, ‘ಫಾಲ್ಸ್ ಪ್ರಾಮಿಸ್’ ಎಂದರೆ ನಡೆಸುವ ಉದ್ದೇಶವೇ ಇಲ್ಲದೆ ಕೊಟ್ಟ ಸುಳ್ಳು ಮಾತು. ನ್ಯಾಯಾಲಯಗಳು ಈ ಎರಡನ್ನು ಬೇರೆ ಬೇರೆಯಾಗಿಯೇ ನೋಡುತ್ತಾ ಬಂದಿವೆ. ಎಷ್ಟೋ ಬಾರಿ ತೀರ್ಪು ನಿಂತಿರುವುದೇ ಆ ವ್ಯತ್ಯಾಸದ ಮೇಲೆ. ನ್ಯಾಯ ಸಂಹಿತೆಯ 69ನೇ ಕಲಂ ಹೇಳುವುದೂ ಈಡೇರಿಸುವ ಉದ್ದೇಶವಿಲ್ಲದ ಭರವಸೆಯ ಬಗ್ಗೆ. ಎರಡಕ್ಕೂ ‘ಮದುವೆಯಾಗುವುದಾಗಿ ನಂಬಿಸಿ ವಂಚನೆ’ ಎಂಬ ಒಂದೇ ಶೀರ್ಷಿಕೆ ಕೊಟ್ಟರೆ ನ್ಯಾಯಾಧೀಶರಿಗಿಂತ ಮೊದಲು ನಾವೇ ತೀರ್ಪು ಬರೆದಂತೆ.

ಶಾಂತಿಭಂಗ, ಹಕ್ಕುಚ್ಯುತಿ

‘ಬ್ರೀಚ್ ಆಫ್ ಪೀಸ್’ಗೆ ‘ಶಾಂತಿಭಂಗ’ ಗಟ್ಟಿಯಾಗಿ ನೆಲೆಯೂರಿದೆ. ಜಮೀನು ವಿವಾದದಿಂದ ಶಾಂತಿಭಂಗವಾಗುವ ಸಂಭವವಿದ್ದಾಗ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ನಡೆಸುವ ವಿಚಾರಣೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 145ನೇ ಕಲಮಿನಲ್ಲಿತ್ತು, ಈಗ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 164ರಲ್ಲಿದೆ. ‘ಸಂಭವ’ ಎಂಬ ಪದವನ್ನು ಬಿಡಬೇಡಿ. ಗಲಾಟೆ ಇನ್ನೂ ಆಗಿರುವುದಿಲ್ಲ.

ಶಾಸನಸಭೆಯ ‘ಬ್ರೀಚ್ ಆಫ್ ಪ್ರಿವಿಲೇಜ್’ಗೆ ಕನ್ನಡದಲ್ಲಿ ಸೊಗಸಾದ ಒಂದೇ ಪದವಿದೆ: ಹಕ್ಕುಚ್ಯುತಿ. ಸಂಸತ್ತಿಗೆ ಸಂವಿಧಾನದ 105ನೇ, ರಾಜ್ಯಗಳ ಸದನಗಳಿಗೆ 194ನೇ ವಿಧಿ ಕೊಡುವ ಹಕ್ಕುಗಳಿಗೆ ಧಕ್ಕೆಯಾದಾಗ ಈ ಮಾತು ಬರುತ್ತದೆ. ‘ಸವಲತ್ತು ಉಲ್ಲಂಘನೆ’ ಎಂದು ಬರೆದರೆ ಯಾವುದೋ ರಿಯಾಯಿತಿ ಪಾಸ್‌ನ ದುರ್ಬಳಕೆಯಂತೆ ಕೇಳಿಸುತ್ತದೆ.

ಭದ್ರತೆ ಮತ್ತು ಡೇಟಾ

2023ರ ಡಿಸೆಂಬರ್ 13ರಂದು ಲೋಕಸಭೆಯ ಪ್ರೇಕ್ಷಕರ ಗ್ಯಾಲರಿಯಿಂದ ಇಬ್ಬರು ಸದನಕ್ಕೆ ಹಾರಿ ಬಣ್ಣದ ಹೊಗೆ ಬಿಟ್ಟಾಗ ಇಂಗ್ಲಿಷಿನವರು ‘ಸೆಕ್ಯುರಿಟಿ ಬ್ರೀಚ್’ ಎಂದರು, ಕನ್ನಡದಲ್ಲಿ ‘ಭದ್ರತಾ ಲೋಪ’ ಎಂದಾಯಿತು. ಇದು ಒಪ್ಪಬಹುದಾದ ಪದ, ಆದರೆ ನೋಟ ತಿರುಗಿದೆ ಎಂಬುದು ಗೊತ್ತಿರಲಿ. ಬ್ರೀಚ್ ನುಗ್ಗಿದವನ ಕೃತ್ಯವನ್ನು ಹೇಳುತ್ತದೆ, ಲೋಪ ಕಾವಲಿನವನ ತಪ್ಪನ್ನು. ವಾಕ್ಯ ಒಳನುಗ್ಗಿದವರ ಬಗ್ಗೆ ಇದ್ದರೆ ‘ಭದ್ರತೆ ಭೇದಿಸಿ ಒಳನುಗ್ಗಿದರು’ ಎನ್ನಿ, ಕಾವಲಿನ ವೈಫಲ್ಯದ ತನಿಖೆ ಬಗ್ಗೆ ಇದ್ದರೆ ‘ಲೋಪ’ ಎನ್ನಿ.

‘ಡೇಟಾ ಬ್ರೀಚ್’ ಇನ್ನೂ ಪಾಕಕ್ಕೆ ಬಾರದ ಪದ. ‘ಮಾಹಿತಿ ಸೋರಿಕೆ’ ಎಂದು ಬರೆಯುವವರೇ ಹೆಚ್ಚು. ಮಾಹಿತಿ ಹೊರಬಿದ್ದಿದ್ದರೆ ಅದು ಸರಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ವ್ಯಾಖ್ಯೆಯಲ್ಲಿ ಅನಧಿಕೃತ ಸಂಸ್ಕರಣೆ, ಆಕಸ್ಮಿಕ ಬಹಿರಂಗ, ತಿದ್ದುಪಡಿ, ನಾಶ, ಕೊನೆಗೆ ದತ್ತಾಂಶ ಕೈಗೆ ಸಿಗದಂತಾಗುವುದು ಕೂಡ ಸೇರಿದೆ. ರಾನ್ಸಮ್‌ವೇರ್ ಎಂಬ ಸುಲಿಗೆಯ ತಂತ್ರಾಂಶ ಕಡತಗಳಿಗೆಲ್ಲ ಬೀಗ ಜಡಿದರೆ ಒಂದು ಹನಿಯೂ ಸೋರದೆ ಬ್ರೀಚ್ ಆಗಿರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, 6 ಗಂಟೆಯೊಳಗೆ ವರದಿ ಮಾಡಬೇಕಾದ ಘಟನೆಗಳ ಪಟ್ಟಿಯಲ್ಲಿ, ‘ಬ್ರೀಚ್’ ಮತ್ತು ‘ಲೀಕ್’ ಎರಡು ಪ್ರತ್ಯೇಕ ಬಾಬುಗಳು. ಎರಡನ್ನೂ ‘ಸೋರಿಕೆ’ ಮಾಡಿದರೆ ಪಟ್ಟಿಯಲ್ಲಿ ಒಂದೇ ಬಾಬು ಎರಡು ಸಲ ಬಂದಂತೆ ಕಾಣುತ್ತದೆ.

ಹೀಗೆ ಹಂಚಿಕೊಳ್ಳಬಹುದು. ಹೊರಗಿನವರು ನುಗ್ಗಿ ಕದ್ದಿದ್ದರೆ ‘ದತ್ತಾಂಶಕ್ಕೆ ಕನ್ನ’. ಕಳ್ಳ ಗೋಡೆಯಲ್ಲಿ ಕೊರೆಯುವ ರಂಧ್ರವೇ ಕನ್ನ, ಹಾಗಾಗಿ ಬ್ರೀಚ್‌ನ ಮೂಲ ಚಿತ್ರಕ್ಕೂ ಅದು ತೀರ ಹತ್ತಿರ. ಒಳಗಿನವರ ಕೈತಪ್ಪಿನಿಂದಲೋ ಕೈವಾಡದಿಂದಲೋ ಹೊರಹೋದರೆ ‘ಸೋರಿಕೆ’. ಎರಡನ್ನೂ ಒಳಗೊಳ್ಳಬೇಕಾದ ಕಾನೂನು ಪಠ್ಯದಲ್ಲಿ ‘ದತ್ತಾಂಶ ಸುರಕ್ಷತಾ ಭಂಗ’. ಇದು ಕಿವಿಗೆ ಸ್ವಲ್ಪ ಒರಟು, ನಿಜ. ಆದರೆ ಸುರಕ್ಷತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಕಾನೂನಿನಲ್ಲಿ ಇಂಪಿಗಿಂತ ಖಚಿತತೆ ಮುಖ್ಯ.

ಕೆರೆ, ಕಾಲುವೆ, ಕೋಟೆ

ಇಲ್ಲಿ ನಿಘಂಟು ಬೇಡ, ಊರಿನವರ ಮಾತು ಸಾಕು. ಏರಿ ಒಡೆಯಿತು, ಕಾಲುವೆಯ ದಂಡೆ ಒಡೆಯಿತು. ತುಂಗಭದ್ರಾ ಕಾಲುವೆಗಳ ಕಡೆ ‘ಬೋಂಗಾ ಬಿತ್ತು’ ಎನ್ನುವುದೂ ಉಂಟು. ‘ಕೋಡಿ ಬಿತ್ತು’ ಎಂಬುದು ಮಾತ್ರ ಬ್ರೀಚ್ ಅಲ್ಲವೇ ಅಲ್ಲ. ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗಲೆಂದೇ ಕಟ್ಟಿದ ಜಾಗ ಕೋಡಿ. ಅದು ಹರಿದರೆ ಬಾಗಿನ ಅರ್ಪಿಸುತ್ತಾರೆ, ಏರಿ ಒಡೆದರೆ ಊರು ಬಿಟ್ಟು ಓಡುತ್ತಾರೆ.

ಎಂಜಿನಿಯರಿಂಗ್ ವರದಿಯಾದರೆ ಕಾರಣವನ್ನೂ ಬಿಡಿಸಿ ಬರೆಯಿರಿ. ನೀರು ಏರಿಯ ನೆತ್ತಿ ಮೀರಿ ಹರಿದು ಮಣ್ಣು ಕೊಚ್ಚಿದ್ದು ಒಂದು ಬಗೆ. ಕೋಡಿಯ ದಾರಿ ಮುಚ್ಚಿಹೋದಾಗ, ಇಲ್ಲವೆ ಹೆಚ್ಚು ನೀರು ನಿಲ್ಲಿಸಲು ಯಾರೋ ಕೋಡಿಗೆ ಮರಳು ಮೂಟೆ ಜೋಡಿಸಿದಾಗ ಹೀಗಾಗುತ್ತದೆ. ಇಲಿ, ಏಡಿಗಳ ಬಿಲದಿಂದಲೋ ತೂಬಿನ ಬದಿಯಿಂದಲೋ ನೀರು ಒಸರಿ, ಒಳಗಿನ ಮಣ್ಣು ಸವೆದು ಒಡೆಯುವುದು ಇನ್ನೊಂದು ಬಗೆ. ಒಸರುವ ನೀರು ತಿಳಿಯಾಗಿದ್ದದ್ದು ಕೆಸರಾದರೆ ಒಳಗಿನ ಮಣ್ಣು ಬರುತ್ತಿದೆ ಎಂದು ಅರ್ಥ. ಮೊದಲನೆಯದನ್ನು ‘ಏರಿ ಮೇಲೆ ನೀರು ಹರಿದು ಒಡೆದಿದೆ’, ಎರಡನೆಯದನ್ನು ‘ಒಸರಿನಿಂದ ಏರಿ ಒಳಗೊಳಗೇ ಕೊರೆದು ಒಡೆದಿದೆ’ ಎಂದರೆ ಎಂಜಿನಿಯರಿಗೂ ನೀರುಗಂಟಿಗೂ ಒಟ್ಟಿಗೆ ಅರ್ಥವಾಗುತ್ತದೆ.

ಒಂದು ವ್ಯಾಕರಣದ ಕುಣಿಕೆ ಇದೆ. ಕನ್ನಡದ ‘ಒಡೆ’ ತಾನಾಗಿ ಒಡೆಯುವುದಕ್ಕೂ ಬೇರೆಯವರು ಒಡೆಯುವುದಕ್ಕೂ ಒಂದೇ. ‘ರಾತ್ರಿ ಒಡೆದ ಏರಿ’ ಎಂದರೆ ಮಳೆಗೆ ಒಡೆಯಿತೋ ಪಕ್ಕದ ಊರಿನವರು ಒಡೆದರೋ ಹೇಳಲಾಗದು. ದೂರು, ವಿಮೆ, ಪರಿಹಾರಧನದ ಕಾಗದಗಳಲ್ಲಿ ‘ತಾನಾಗಿ ಒಡೆದುಹೋದ’ ಅಥವಾ ‘ಹಾರೆ ಹಾಕಿ ಒಡೆದ’ ಎಂದು ಬಿಡಿಸಿ ಬರೆಯಲೇಬೇಕು.

ಅಣೆಕಟ್ಟಿನ ಸುದ್ದಿಯಲ್ಲಿ ಇನ್ನೂ ಜಾಗ್ರತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್‌ಗೇಟ್‌ಗಳಲ್ಲಿ 19ನೆಯದು, ಚೈನ್ ಲಿಂಕ್ ತುಂಡಾಗಿ, ಕೊಚ್ಚಿಹೋಯಿತು. ಕಟ್ಟೆ ಒಡೆದಿರಲಿಲ್ಲ. ಅಂಥ ಹೊತ್ತಿನಲ್ಲಿ ‘ಜಲಾಶಯಕ್ಕೆ ಬ್ರೀಚ್’ ಎಂದೋ ‘ಅಣೆಕಟ್ಟು ಒಡೆತ’ ಎಂದೋ ಬರೆದರೆ ಹೊಳೆದಂಡೆಯ ಊರುಗಳಲ್ಲಿ ರಾತ್ರೋರಾತ್ರಿ ಗಂಟುಮೂಟೆ ಕಟ್ಟುತ್ತಾರೆ.

ಕೋಟೆಯ ವಿಷಯದಲ್ಲಿ ‘ಗಂಡಿ’ ಎಂಬ ಹಳೆಯ ಪದ ಸರಿಯಾಗಿ ಕೂರುತ್ತದೆ. 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣದ ಒಳಹೊಕ್ಕದ್ದು ವಾಯವ್ಯ ಮೂಲೆಯ ಹತ್ತಿರ ಫಿರಂಗಿಗಳು ಗೋಡೆಯಲ್ಲಿ ಬೀಳಿಸಿದ್ದ ಗಂಡಿಯಿಂದ. ಗಂಡಿ ಎಂದರೆ ಬಿದ್ದ ಸಂದು, ಲಗ್ಗೆ ಎಂದರೆ ಅದರ ಮೂಲಕ ಹತ್ತಿ ನುಗ್ಗುವುದು, ಬೆರೆಸಬೇಡಿ. ಮುತ್ತಿಗೆಯ ವರದಿಗಳಲ್ಲಿ ಕಾಣುವ ‘ಪ್ರಾಕ್ಟಿಕಬಲ್ ಬ್ರೀಚ್’ ಎಂಬುದು ‘ಪ್ರಾಯೋಗಿಕ ಉಲ್ಲಂಘನೆ’ ಅಲ್ಲ, ‘ಸೈನಿಕರು ಹತ್ತಿ ಒಳನುಗ್ಗಲು ಸಾಕಾಗುವಷ್ಟು ದೊಡ್ಡ ಗಂಡಿ’.

ಚಿಲ್ಲರೆ ಬಳಕೆಗಳು

ಸೂಚ್ಯಂಕ, ತಾಪಮಾನ, ನದಿಮಟ್ಟಗಳಿಗೆ ‘ದಾಟು’, ‘ಮೀರು’ ಸಾಕು. 2024ರ ಜುಲೈನಲ್ಲಿ ಸೆನ್ಸೆಕ್ಸ್ 80,000 ದಾಟಿತು. ಹೊಳೆ ಅಪಾಯದ ಮಟ್ಟ ಮೀರಿ ಹರಿಯುತ್ತಿದೆ. ಷೇರುಪೇಟೆಯವರು ಬೆಲೆ ಕುಸಿದಾಗಲೂ ಬ್ರೀಚ್ ಎನ್ನುತ್ತಾರೆ, ಆಗ ‘ಮಟ್ಟಕ್ಕಿಂತ ಕೆಳಗಿಳಿಯಿತು’ ಎಂದಾಗಬೇಕು. ದಿಕ್ಕು ನೋಡದೆ ‘ದಾಟಿತು’ ಎಂದರೆ ನಷ್ಟದ ಸುದ್ದಿ ಲಾಭದ ಸುದ್ದಿಯಾಗುತ್ತದೆ. ತಿಮಿಂಗಿಲ ‘ಬ್ರೀಚ್’ ಮಾಡಿದರೆ ನೀರಿನಿಂದ ಮೇಲಕ್ಕೆ ಚಿಮ್ಮಿತು ಎಂದರ್ಥ. ‘ಸ್ಟೆಪ್ ಇನ್‌ಟು ದ ಬ್ರೀಚ್’ ಎಂದರೆ ಕೈಕೊಟ್ಟವರ ಜಾಗದಲ್ಲಿ ಹೆಗಲು ಕೊಡುವುದು. ಅಣ್ಣತಮ್ಮಂದಿರ ನಡುವಿನ ಬ್ರೀಚ್ ಮನಸ್ತಾಪ, ತೀರ ಹೆಚ್ಚಾದರೆ ಒಡಕು.

ಕನ್ನಡ ಲಿಪಿಯಲ್ಲಿ ಬರೆದಾಗ ಮಾತ್ರ ಹುಟ್ಟುವ ಒಂದು ತೊಂದರೆಯೂ ಇದೆ. ಇಂಗ್ಲಿಷಿನಲ್ಲಿ ‘ಎ’ ಬದಲು ಎರಡು ‘ಇ’ ಇರುವ ಇನ್ನೊಂದು ‘ಬ್ರೀಚ್’ (breech) ಉಂಟು. ಬುಡ, ಹಿಂಭಾಗ ಎಂದು ಅದರ ಅರ್ಥ, ಉಚ್ಚಾರಣೆ ಇದರದ್ದೇ. ಬ್ರೀಚ್ ಬೇಬಿ ಎಂದರೆ ತಲೆಯ ಬದಲು ಕುಂಡೆಯೋ ಕಾಲೋ ಕೆಳಗಾಗಿರುವ ಮಗು. ತುಂಬು ತಿಂಗಳ ಹೆರಿಗೆಗಳಲ್ಲಿ ನೂರಕ್ಕೆ ಮೂರು-ನಾಲ್ಕು ಹೀಗಿರುತ್ತವೆ. ಬ್ರೀಚ್ ಲೋಡಿಂಗ್ ಬಂದೂಕು ಎಂದರೆ ನಳಿಗೆಯ ಬುಡದಲ್ಲಿ ಮದ್ದುಗುಂಡು ತುಂಬುವಂಥದ್ದು. ಧ್ವನಿ ಮುದ್ರಣ ಕೇಳಿ ಬರೆಯುವಾಗ, ಅಥವಾ ‘ಬ್ರೀಚ್’ ಎಂದು ಮೊದಲೇ ಕನ್ನಡದಲ್ಲಿ ಬರೆದಿಟ್ಟ ಟಿಪ್ಪಣಿಯಿಂದ ಕೆಲಸ ಮಾಡುವಾಗ, ಮೂಲದ ಇಂಗ್ಲಿಷ್ ಕಾಗುಣಿತವನ್ನು ತರಿಸಿಕೊಂಡು ನೋಡಿ. ಆಸ್ಪತ್ರೆಯ ಒಪ್ಪಿಗೆ ಪತ್ರದಲ್ಲಿ ‘ಉಲ್ಲಂಘನೆ ಹೆರಿಗೆ’ ಎಂದು ಅಚ್ಚಾದರೆ ಸಹಿ ಹಾಕುವ ತಾಯಿಗೆ ತಾನು ಯಾವ ಕಾನೂನು ಮುರಿದೆ ಎಂಬ ಗಾಬರಿ.